ಕಾಲಿನ ಕಡೆ ಹಿಡಿಯುವವಳು

ನನ್ನ ಹೆಂಡತಿ ಆಂಬುಲೆನ್ಸಿನಲ್ಲಿ ಕೆಲಸ ಮಾಡುತ್ತಾಳೆ. ಹೀಗೆಂದಾಕ್ಷಣ ಜನ ‘ನರ್ಸಾ?’ ಎಂದು ಕೇಳುತ್ತಾರೆ. ನರ್ಸಲ್ಲ, ಸ್ಟ್ರೆಚರ್ ಹೊರುವವಳು. ಲಿಫ್ಟಿಲ್ಲದ ಮನೆಗಳ ಮೂರನೇ ಮಹಡಿಯಲ್ಲಿ ಎದೆ ಹಿಡಿದುಕೊಂಡು ಕೂತವರನ್ನು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರನ್ನು ಕೆಳಗೆ ತಂದು ಗಾಡಿಗೆ ಹತ್ತಿಸುವುದು ಅವಳ ಕೆಲಸ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ನಮ್ಮಿಬ್ಬರಲ್ಲಿ ಯಾರ ತೋಳು ಗಟ್ಟಿ ಎಂದು ದಯವಿಟ್ಟು ಕೇಳಬೇಡಿ. ಮದುವೆಯಾದ ಹೊಸದರಲ್ಲಿ ಒಮ್ಮೆ ಪಂಜ ಹಿಡಿದು ನೋಡಿದ್ದೆವು, ಆಮೇಲೆ ಆ ಮಾತನ್ನು ನಾನಾಗಿ ಎತ್ತಿದವನಲ್ಲ.

ಅವಳ ಜೊತೆಗಾರ ಆಂಬುಲೆನ್ಸಿನ ಡ್ರೈವರ್. ಅವನನ್ನು ಎಲ್ಲರೂ ಬಿರುಗಾಳಿ ಎನ್ನುತ್ತಾರೆ. ಸಂದಿಗೊಂದಿಯಲ್ಲೂ ಗಾಡಿ ನುಗ್ಗಿಸುವ ಗಂಡಸು, ಐವತ್ತು ದಾಟಿದರೂ ಮೀಸೆ ಕಪ್ಪಾಗಿಯೇ ಇಟ್ಟುಕೊಂಡಿದ್ದಾನೆ. ಇವಳನ್ನು ತಂಗಿ ಎಂದು ಕರೆಯುತ್ತಾನೆ, ಹಾಗಾಗಿ ಇವಳಿಗೆ ಅವನು ಅಣ್ಣ, ಅವನಿಗೆ ನಾನು ಭಾವ. ಇವಳು ಕೆಲಸಕ್ಕೆ ಸೇರಿದ ದಿನ ರೋಗಿಗೆ ಸ್ಟ್ರೆಚರಿನ ಪಟ್ಟಿ ಬಿಗಿಯುವುದನ್ನು ಹೇಳಿಕೊಟ್ಟವನೂ ಅವನೇ. ನಮ್ಮ ಮನೆಗೆ ಬಂದರೆ ಕುರ್ಚಿ ಬಿಟ್ಟು ನಮ್ಮಮ್ಮನ ಮಂಚದ ಮೇಲೆ ಕೂತು ಅವಳ ಜೊತೆ ಹರಟುತ್ತಾನೆ.

ಅವರ ಕೇಂದ್ರದಲ್ಲಿ ಎಲ್ಲೂ ಬರೆದಿಡದ ಒಂದು ಕಟ್ಟಳೆ ಇದೆ. ಸ್ಟೇರಿಂಗ್ ಹಿಡಿದವನು ಸ್ಟ್ರೆಚರಿನ ತಲೆಯ ಕಡೆ ಹಿಡಿಯಬೇಕು, ಇನ್ನೊಬ್ಬರು ಕಾಲಿನ ಕಡೆ. ಮೆಟ್ಟಿಲು ಇಳಿಯುವಾಗ ಕಾಲಿನ ಕಡೆ ಮುಂದೆ, ಅಂದರೆ ಕೆಳಗೆ. ಹಾಗಾಗಿ ನನ್ನ ಹೆಂಡತಿ ಹಾದಿಗೆ ಬೆನ್ನು ಹಾಕಿ, ರೋಗಿಯ ಮುಖ ನೋಡುತ್ತಾ, ಪಾದದಿಂದಲೇ ಮೆಟ್ಟಿಲು ತಡವುತ್ತಾ ಇಳಿಯುತ್ತಾಳೆ. ಸುಸ್ತಾಯಿತೆಂದು ಜಾಗ ಬದಲಾಯಿಸುವವರನ್ನು ಆ ಕೇಂದ್ರದಲ್ಲಿ ಯಾರೂ ಕೆಲಸಗಾರರೆಂದು ಎಣಿಸುವುದಿಲ್ಲ. ‘ನಿನ್ನ ಕಡೆ ನೀನು ನೋಡು, ನನ್ನ ಕಡೆ ನಾನು ನೋಡ್ತೀನಿ’ ಎನ್ನುವುದೇ ಅವರ ದೊಡ್ಡಸ್ತಿಕೆ.

ಆವತ್ತು ಒಂದು ಇಕ್ಕಟ್ಟಾದ ಮೆಟ್ಟಿಲಿನ ಮೇಲೆ ಅವಳ ಕಡೆಯ ಹಿಡಿ ಕೈಯಿಂದ ಜಾರಿತು. ಸ್ಟ್ರೆಚರ್ ಓರೆಯಾಯಿತು. ಅದರ ಮೇಲಿದ್ದ ಭಾರಿ ಮೈಯ ಮುದುಕ ಪಟ್ಟಿಯೊಳಗೇ ಗೇಣುದ್ದ ಜಾರಿದ. ಮೇಲೆ ನಿಂತಿದ್ದ ಅವನ ಹೆಂಡತಿ ಕಿರುಚಿದಳು. ಇವಳು ಮೊಣಕಾಲನ್ನು ಅಡ್ಡ ಕೊಟ್ಟು, ಎದೆಯಿಂದ ಒತ್ತಿ ಹಿಡಿದು ನಿಲ್ಲಿಸಿದಳಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಮುದುಕನ ಮಗ ದೂರು ಕೊಟ್ಟ. ಸೂಪರ್‌ವೈಸರ್ ಮೊದಲು ಬಿರುಗಾಳಿಯನ್ನು ಒಳಗೆ ಕರೆದು ಮಾತಾಡಿದ, ಆಮೇಲೆ ಇವಳನ್ನು ಕರೆದ.

“ಅಮ್ಮಾ, ನಿಮ್ಮ ಕೈಯಲ್ಲಿ ಮೊದಲಿನ ಹಿಡಿತ ಇಲ್ಲ ಅಂತ ಗೊತ್ತಾಯ್ತು. ತಿಂಗಳ ಕೊನೆಗೆ ಒಂದು ಪರೀಕ್ಷೆ ಇಡ್ತೀನಿ. ಮರಳು ತುಂಬಿದ ಬೊಂಬೆಯನ್ನ ಮೂರು ಮಹಡಿ ಇಳಿಸಬೇಕು. ಆಗಲಿಲ್ಲ ಅಂದ್ರೆ ಫೋನ್ ಕೋಣೆಗೆ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ” ಎಂದನಂತೆ.

ಫೋನ್ ಕೋಣೆ ಎಂದರೆ ಅವರಲ್ಲಿ ಕೈಕಾಲು ಸೋತವರ ಕೋಣೆ. ಸಂಬಳವೂ ಕಮ್ಮಿ. ಇವಳಿಗೆ ಸಂಬಳದ ಚಿಂತೆಯಿರಲಿಲ್ಲ, ಮಾತು ಚುಚ್ಚಿತ್ತು. ಮನೆಗೆ ಬಂದವಳು ಅಟ್ಟದ ಮೇಲಿನ ಡಬ್ಬಿ ತೆಗೆಯಲು ಎಡಗೈ ಎತ್ತಿದಳು. ಭುಜದ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತಿತು. ಇನ್ನೊಂದು ಕೈಯಿಂದ ಡಬ್ಬಿ ತೆಗೆದು, ನಾನು ನೋಡಲಿಲ್ಲವೆಂದುಕೊಂಡು ಒಲೆಯ ಕಡೆ ತಿರುಗಿದಳು.

ಊಟ ಮುಗಿದ ಮೇಲೆ ಅವಳೇ ಬಾಯಿ ಬಿಟ್ಟಳು.

“ರೀ, ಆ ಪೀಠೋಪಕರಣದ ಅಂಗಡಿ ಮೇಲೆ ಜಿಮ್ ಇದೆಯಲ್ಲ, ಅಲ್ಲಿ ಒಬ್ಬೊಬ್ಬರಿಗೇ ಬೇರೆಯಾಗಿ ಹೇಳಿಕೊಡೋ ಟ್ರೇನರ್ ಇದ್ದಾಳಂತೆ. ನಾನು ಸೇರ್ಕೊಳ್ಳಲಾ?”

ಎಷ್ಟಾಗುತ್ತದೆ ಎಂದು ಕೇಳಿದೆ. ಹೇಳಿದಳು. ನಮ್ಮ ಮನೆಯ ಬಾಡಿಗೆಗೆ ಹತ್ತಿರ ಹತ್ತಿರ ಬರುವ ಮೊತ್ತ, ತಿಂಗಳಿಗೆ. ನಾನು ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

“ದಿನಾ ಹೆಣಭಾರ ಹೊತ್ತು ಬೆವರು ಸುರಿಸೋಳು ನೀನು. ಇನ್ನು ದುಡ್ಡು ಕೊಟ್ಟು ಬೆವರು ಸುರಿಸ್ಬೇಕಾ? ಮೀನಿಗೆ ಈಜು ಕಲಿಸೋಕೆ ಮೇಷ್ಟ್ರು ಬೇರೆ ಕೇಡು” ಎಂದೆ.

ನಮ್ಮಮ್ಮ ಮಂಚದ ಮೇಲಿಂದ ತನ್ನದೊಂದು ಸೇರಿಸಿದಳು. “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ. ನಾಲ್ಕು ದಿನ ರಜ ಹಾಕಿ ಬಿಸಿನೀರು ಕಾಸಿ ಶಾಖ ಕೊಡು, ಎಲ್ಲಾ ಸರಿಹೋಗತ್ತೆ.”

“ರಜ ಹಾಕಿದ್ರೆ ಒಪ್ಪಿಕೊಂಡ ಹಾಗಾಗತ್ತೆ ಅತ್ತೆ.”

“ಏನನ್ನ ಒಪ್ಪಿಕೊಂಡ ಹಾಗೆ?”

ಅವಳು ತಟ್ಟೆಗಳನ್ನು ತೆಗೆದುಕೊಂಡು ಎದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ. “ಭುಜ ಹಾಳಾಗಿದ್ರೆ ಆಸ್ಪತ್ರೆಗೆ ಹೋಗು. ಆ ಜಿಮ್ಮಿನವರು ಕನ್ನಡಿ ಮುಂದೆ ನಿಲ್ಲಿಸಿ ಗೊಂಬೆ ಕುಣಿಸಿದ ಹಾಗೆ ಕುಣಿಸ್ತಾರೆ ಅಷ್ಟೇ” ಎಂದೆ.

ಅವಳು ನಲ್ಲಿ ನಿಲ್ಲಿಸಿ ತಿರುಗಿದಳು. “ಆ ಮುದುಕನ ಮುಖ ನನ್ನ ಮುಖಕ್ಕೆ ಎದುರಾಗೇ ಇತ್ತು ಕಣ್ರೀ. ನನ್ನನ್ನೇ ನೋಡ್ತಿದ್ದ. ಇವಳು ಬಿಡ್ತಾಳೆ ಅಂತ ಅವನಿಗೆ ಗೊತ್ತಾಗಿಹೋಗಿತ್ತು. ಇನ್ನೊಂದು ಸಲ ಹಾಗಾದ್ರೆ ನಾನು ಬದುಕಿರಲ್ಲ.”

ಆ ಮಾತಿಗೆ ನಾನು ಮೆತ್ತಗಾದೆ. ಆದರೂ ಸೋಲೊಪ್ಪದೆ, ಮೊದಲ ದಿನ ಪುಕ್ಕಟೆ ಎಂದು ಅವರ ಬಾಗಿಲಲ್ಲೇ ಬರೆದು ಹಾಕಿರುವುದನ್ನು ನೆನಪಿಸಿದೆ. “ಆ ಪುಕ್ಕಟೆ ದಿನ ನೋಡ್ಕೊಂಡು ಬರೋಣ. ನಾನೂ ಬರ್ತೀನಿ. ನೀನು ಒಬ್ಬಳೇ ಹೋದ್ರೆ ವರ್ಷದ ದುಡ್ಡು ಕಟ್ಟಿ ಬರ್ತೀಯ” ಎಂದೆ.

ಟ್ರೇನರ್ ನಾನು ಅಂದುಕೊಂಡ ಹಾಗಿರಲಿಲ್ಲ. ಕುಳ್ಳಗಿನ, ಕಡಿಮೆ ಮಾತಿನ ಹೆಂಗಸು. ಮೊದಲು ನನ್ನ ಹೊಟ್ಟೆಯನ್ನು ನೋಡಿ, ಆಮೇಲೆ ನನ್ನ ಹೆಂಡತಿಯನ್ನು ನೋಡಿ, “ಯಾರಿಗೆ?” ಎಂದಳು. ನನಗೆ ಆಗಲೇ ಅರ್ಧ ಸಿಟ್ಟು ಬಂದಿತ್ತು.

ಇವಳ ಕೈಯಲ್ಲಿ ಹಿಡಿತ ಅಳೆಯುವ ಒಂದು ಹಿಡಿಕೆ ಕೊಟ್ಟು ಹಿಸುಕಿಸಿದಳು. ತೂಕ ಎತ್ತಿಸಿದಳು. ಕೂರಿಸಿದಳು, ಏಳಿಸಿದಳು. ಎಡ ಭುಜವನ್ನು ಬೆರಳಿನಿಂದ ಒತ್ತಿ ನೋವೆಲ್ಲಿ ಎಂದು ಕೇಳಿದಳು. ಕೊನೆಗೆ ತಲೆ ಕೆರೆದುಕೊಂಡಳು.

“ಮೇಡಂ, ನಿಮ್ಮ ಹಿಡಿತ ನನ್ನದಕ್ಕಿಂತ ಚೆನ್ನಾಗಿದೆ. ಕಾಲೂ ಗಟ್ಟಿ ಇದೆ. ಭುಜ ಮಾತ್ರ ತುಂಬ ದುಡಿದು ಊದಿಕೊಂಡಿದೆ. ಎಷ್ಟು ಭಾರ ಹೊರ್ತೀರಿ ನೀವು?”

“ಇಬ್ಬರು ಹೊರ್ತೀವಿ. ಮೊದಲೆಲ್ಲ ಏನೂ ಅನ್ನಿಸ್ತಿರ್ಲಿಲ್ಲ. ಈ ವರ್ಷ ಯಾಕೋ ಎಲ್ಲರೂ ದಪ್ಪ ಆಗಿದ್ದಾರೆ ಅನ್ನಿಸತ್ತೆ” ಎಂದು ಇವಳು ನಗಲು ನೋಡಿದಳು.

ಟ್ರೇನರ್ ನಗಲಿಲ್ಲ. ಒಂದು ಉದ್ದದ ಹಲಗೆಯ ಮೇಲೆ ಮರಳಿನ ಚೀಲಗಳನ್ನು ಕಟ್ಟಿ ಕಟ್ಟಡದ ಮೆಟ್ಟಿಲಿಗೆ ತಂದಳು. ಮೇಲಿನ ತುದಿ ತಾನು ಹಿಡಿದು, ಕೆಳಗಿನ ತುದಿ ಇವಳಿಗೆ ಕೊಟ್ಟಳು. ಇಬ್ಬರೂ ಇಳಿದರು. ಇವಳ ಮುಖ ನೋಡುತ್ತಿದ್ದೆ. ಹುಬ್ಬು ಕೂಡ ಗಂಟಿಕ್ಕಲಿಲ್ಲ. ಕೆಳಗಿಳಿದು ಹಲಗೆ ನೆಲಕ್ಕಿಟ್ಟು, “ಇದು ಹಗುರ ಇದೆ, ಇನ್ನೂ ಹಾಕಿ” ಎಂದಳು. ಇನ್ನೆರಡು ಚೀಲ ಹಾಕಿದರು. ಮತ್ತೆ ಇಳಿದರು. ಏನೂ ಆಗಲಿಲ್ಲ.

“ಈಗ ಸರ್ ಹಿಡೀಲಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ” ಎಂದಳು ಟ್ರೇನರ್.

ನನಗೆ ಕೆಳಕ್ಕೆ ನೋಡಿದರೆ ತಲೆ ತಿರುಗುತ್ತದೆ. ಆದರೆ ಇಬ್ಬರು ಹೆಂಗಸರ ಎದುರು ಹೇಗೆ ಹೇಳುವುದು? ಮೇಲಿನ ತುದಿ ಹಿಡಿದೆ. ಬೀಳುವ ಭಯಕ್ಕೆ ಕಾಲು ಮರಗಟ್ಟಿಸಿಕೊಂಡು, ಬೆನ್ನು ನೆಟ್ಟಗೆ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಇಟ್ಟೆ. ನನಗೇನೂ ಭಾರ ಅನ್ನಿಸಲೇ ಇಲ್ಲ. ‘ಅಯ್ಯೋ ಇಷ್ಟೇನಾ’ ಎಂದುಕೊಳ್ಳುವಷ್ಟರಲ್ಲಿ ಇವಳ ಕಡೆ ನೋಡಿದೆ. ಮುಖ ಕೆಂಡವಾಗಿತ್ತು. ಕತ್ತಿನ ನರ ಉಬ್ಬಿದ್ದವು. ಎಡ ಭುಜ ಕಿವಿಯ ಹತ್ತಿರ ಹೋಗಿತ್ತು.

“ನಿಲ್ಲಿ” ಎಂದಳು. “ಇದೇ. ಇದೇ ಭಾರ.”

ಟ್ರೇನರ್ ನನ್ನ ಹಿಂದೆ ಬಂದು ನನ್ನ ಮೊಣಕಾಲನ್ನು ಬೆರಳಿಂದ ತಟ್ಟಿದಳು. “ಸರ್ ಮಂಡಿ ಬಗ್ಗಿಸ್ತಿಲ್ಲ. ಮೇಲಿರೋರು ಬಗ್ಗಿ ತಮ್ಮ ತುದಿಯನ್ನ ತಗ್ಗಿಸಬೇಕು. ನೆಟ್ಟಗೆ ನಿಂತ್ರೆ ಹಲಗೆ ಕಡಿದಾಗತ್ತೆ, ಭಾರವೆಲ್ಲ ಕೆಳಗಿರೋರ ಮೇಲೆ ಹೋಗತ್ತೆ.”

ಹೊರುವ ಎಲ್ಲರಿಗೂ ಗೊತ್ತಿರುವ ಮಾತೇ ಅದು. ನನ್ನ ಹೆಂಡತಿಗೂ ಗೊತ್ತಿತ್ತು. ಆದರೆ ರೋಗಿಯ ಮುಖ ಬಿಟ್ಟು ಬೇರೆ ಕಡೆ ನೋಡದೆ, ತನ್ನ ಕಡೆಯ ಭಾರವನ್ನು ತನ್ನ ಸೋಲೆಂದೇ ಲೆಕ್ಕ ಹಾಕಿಕೊಂಡು ಅವಳು ಇಷ್ಟು ದಿನ ಇಳಿದಿದ್ದಳು. ಜಾಗ ಬದಲಾಯಿಸಿ ಒಮ್ಮೆ ಮೇಲಿನಿಂದ ಹಿಡಿದಿದ್ದರೆ ಆವತ್ತೇ ತಿಳಿಯುತ್ತಿತ್ತು. ಅವರ ಕೇಂದ್ರದಲ್ಲಿ ಯಾರೂ ಬದಲಾಯಿಸುವುದಿಲ್ಲವಲ್ಲ.

ಅವಳು ಹಲಗೆ ಕೆಳಗಿಟ್ಟು ಮೆಟ್ಟಿಲ ಮೇಲೆಯೇ ಕೂತಳು. “ಗಾಡಿಯಿಂದ ಇಳಿಯುವಾಗ ಅಣ್ಣ ಬಾಗಿಲು ಹಿಡ್ಕೊಂಡು ಇಳೀತಾರೆ. ನಾನು ನೋಡಿದ್ದೀನಿ. ಸೊಂಟ ನೋವು ಅಂತಾರೆ, ನಾನೂ ಹೌದು ಅಂದ್ಕೊಂಡೆ” ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

“ನಿಮಗೆ ನಾನು ಬೇಡ ಮೇಡಂ. ಭುಜಕ್ಕೆ ಸ್ವಲ್ಪ ವಿಶ್ರಾಂತಿ ಬೇಕು, ಅಷ್ಟೇ” ಎಂದಳು ಟ್ರೇನರ್. ಬಂದ ಗಿರಾಕಿಯನ್ನು ಹೀಗೆ ಕಳಿಸುವವಳನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಅಂಗಡಿಯಲ್ಲಿ ನಾನು ಇಷ್ಟು ಪ್ರಾಮಾಣಿಕನಾಗಿದ್ದರೆ ಎಂದೋ ಬಾಗಿಲು ಹಾಕಬೇಕಿತ್ತು.

ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. ಬಿರುಗಾಳಿಗೆ ಮಂಡಿ ಬಗ್ಗುವುದಿಲ್ಲ, ಸರಿ. ಆದರೆ ಸೂಪರ್‌ವೈಸರ್ ಹತ್ತಿರ ಹೋಗಿ ‘ಅವಳ ಹಿಡಿತ ಹೋಗಿದೆ’ ಎಂದು ಹೇಳಿದವನು ಇನ್ಯಾರು? ಆ ಮೆಟ್ಟಿಲ ಮೇಲೆ ಸ್ಟ್ರೆಚರ್ ಹಿಡಿದಿದ್ದವರು ಅವರಿಬ್ಬರೇ ಅಲ್ಲವೇ? ತಂಗಿ ತಂಗಿ ಎಂದು ನಮ್ಮ ಮನೆಯಲ್ಲಿ ಉಂಡು, ಅದೇ ತಂಗಿಯ ಕುತ್ತಿಗೆಗೆ ತನ್ನ ತಪ್ಪು ಕಟ್ಟಿದ್ದ.

“ಈಗಲೇ ಹೋಗಿ ಸೂಪರ್‌ವೈಸರ್‌ಗೆ ಹೇಳು” ಎಂದೆ.

“ಮೊದಲು ಅವರನ್ನ ಕೇಳ್ತೀನಿ.”

“ಕೇಳೋದೇನಿದೆ? ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತ, ಇಂಥವನ ಜೊತೆ ನಾಳೆ ಇನ್ನೊಬ್ಬ ರೋಗೀನ ಇಳಿಸ್ತೀಯಾ?”

“ಇಳಿಸಲ್ಲ” ಎಂದಳು.

ಸಂಜೆ ಅವನೇ ಬಂದ, ಎಂದಿನಂತೆ. ಅಮ್ಮನ ಮಂಚದ ಕಡೆ ಹೊರಟವನನ್ನು ಇವಳು ಬಾಗಿಲಲ್ಲೇ ತಡೆದಳು. ಮೇಲಿನ ಮಹಡಿಯ ದರ್ಜಿಯ ಯಂತ್ರವೊಂದು ರಿಪೇರಿಗೆ ನನ್ನ ಅಂಗಡಿಗೆ ಬರಬೇಕಿತ್ತು, ಕಬ್ಬಿಣದ ಕಾಲಿನ ಹಳೆಯ ಯಂತ್ರ. “ಅಣ್ಣ, ಅದನ್ನ ಇಳಿಸೋಣ ಬನ್ನಿ. ಇವತ್ತು ನೀವು ಕೆಳಗೆ ಹಿಡೀರಿ, ನಾನು ಮೇಲೆ” ಎಂದಳು.

ಅವನು ನಕ್ಕ. “ಏನಮ್ಮ ತಂಗಿ, ರಜೆ ದಿನಾನೂ ಹೊರಿಸ್ತೀಯಾ? ಭಾವ ಇದ್ದಾರಲ್ಲ.”

“ಇಲ್ಲ ಅಣ್ಣ, ನೀವೇ ಬೇಕು.”

ಅವನು ಮೆಟ್ಟಿಲ ಬುಡಕ್ಕೆ ಹೋದ. ಪಕ್ಕದ ಕಂಬಿ ಹಿಡಿದ. ಮೇಲಕ್ಕೊಮ್ಮೆ ನೋಡಿದ. ಒಂದು ಮೆಟ್ಟಿಲನ್ನೂ ಹತ್ತಲಿಲ್ಲ. ಒಳಗಿನಿಂದ ಅಮ್ಮ, “ಯಾರು ಬಂದಿದ್ದು?” ಎಂದು ಕೇಳಿದಳು.

“ಎಷ್ಟು ದಿನದಿಂದ ಮಂಡಿ ಹೀಗಿದೆ ಅಣ್ಣ?”

“ಯಾರು ಹೇಳಿದ್ದು ನಿನಗೆ?” ಎಂದ. ಮುಖದ ನಗು ಇಳಿದಿತ್ತು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಕೈ ಜಾರಿದ್ದಕ್ಕೆ ನನ್ನ ಮಂಡಿ ಕಾರಣಾನಾ?”

ನಾನು ಮುಂದೆ ಬಂದೆ. ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ, ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ, ಅವನ ಕೈ ನನ್ನ ಕೈಗಿಂತ ಎರಡರಷ್ಟಿದೆ. ಇವಳು ನನ್ನನ್ನು ತೋಳಿನಿಂದ ಹಿಂದಕ್ಕೆ ಸರಿಸಿದಳು.

“ನಾಳೆ ಡ್ಯೂಟಿ ಮುಗಿಯೋವರೆಗೆ ಸಮಯ ಇದೆ ಅಣ್ಣ. ನೀವೇ ಹೋಗಿ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ.”

“ಹೇಳ್ಕೋ ಹೋಗು” ಎಂದು ಅವನು ಹೊರಟ. ಬೀದಿಯ ತಿರುವಿನವರೆಗೂ ನೆಟ್ಟಗೆ ನಡೆದ. ತಿರುವಿನಲ್ಲಿ, ನಾವು ಒಳಗೆ ಹೋಗಿರಬಹುದೆಂದುಕೊಂಡೋ ಏನೋ, ಎಡಗಾಲು ಎಳೆದ.

ಮಾರನೆಯ ದಿನ ಅಂಗಡಿಯಲ್ಲಿ ನಾನು ಮಾಡಿದ ಕೆಲಸವೆಲ್ಲ ಕೆಟ್ಟಿತು. ಒಂದು ಯಂತ್ರದ ಸೂಜಿ ಉಲ್ಟಾ ಹಾಕಿದೆ, ಇನ್ನೊಂದಕ್ಕೆ ಎಣ್ಣೆಯ ಬದಲು ಸೀಮೆಎಣ್ಣೆ ಬಿಟ್ಟೆ. ಮೆಟ್ಟಿಲಿರುವ ಮನೆಯಿಂದ ಕರೆ ಬಂದರೆ ಇವಳೇನು ಮಾಡುತ್ತಾಳೆ? ಹೊರಲ್ಲ ಎಂದರೆ ಕೆಲಸ ಹೋಯಿತು. ಹೊತ್ತರೆ, ಆ ಭುಜಕ್ಕೆ ಇನ್ನೊಂದು ಭಾರ ತಡೆಯುವ ಶಕ್ತಿ ಇತ್ತೇ? ನನಗೆ ಹೆದರಿಕೆಯಾಗಿತ್ತು. ಅದನ್ನು ಬೇರೆ ಯಾವ ಹೆಸರಿಂದಲೂ ಕರೆಯಲಾರೆ.

ಮುಂದಿನದನ್ನು ನಾನು ನೋಡಿದ್ದಲ್ಲ, ಅವಳು ಹೇಳಿದ್ದು.

ಕರೆ ಬಂದದ್ದು ಮಧ್ಯಾಹ್ನ, ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಿಂದ. ಬೇಕರಿಯಲ್ಲಿ ಕೆಲಸ ಮಾಡುವ ಗಂಡಸು, ಎದೆನೋವು, ಮೈಯೆಲ್ಲ ಬೆವರು. ಮೂರು ಮಹಡಿ ಹತ್ತುವಷ್ಟರಲ್ಲಿ ಬಿರುಗಾಳಿಯ ಮುಖ ಬಿಳಿಚಿಕೊಂಡಿತ್ತು. ಇಬ್ಬರೂ ಸೇರಿ ರೋಗಿಯನ್ನು ಸ್ಟ್ರೆಚರಿಗೆ ಹಾಕಿದರು, ಪಟ್ಟಿ ಬಿಗಿದರು. ರೋಗಿಯ ಹೆಂಡತಿ ಬಾಗಿಲಲ್ಲಿ ಕೈ ಹಿಸುಕುತ್ತಾ ನಿಂತಿದ್ದಳು, ಪಕ್ಕದ ಮನೆಯವರೆಲ್ಲ ಹೊರಗೆ ಬಂದಿದ್ದರು.

ಇವಳು ಕಾಲಿನ ಕಡೆ ಕೂತಳು. ಹಿಡಿಗೆ ಕೈ ಹಾಕಲಿಲ್ಲ. ಸ್ಟ್ರೆಚರಿನ ಆ ತುದಿಯಲ್ಲಿದ್ದ ಬಿರುಗಾಳಿಯನ್ನು ನೋಡಿ, ಬೇರೆ ಯಾರಿಗೂ ಕೇಳದ ಹಾಗೆ, “ಬಗ್ಗತ್ತಾ?” ಎಂದಳು.

ಅವನು ಹಿಡಿಗಳನ್ನು ಹಿಡಿದ. ಬಿಟ್ಟ. ಮತ್ತೆ ಹಿಡಿದ. ರೋಗಿಯ ಹೆಂಡತಿ, “ಯಾಕೆ ಎತ್ತುತ್ತಿಲ್ಲ? ಬೇಗ ಎತ್ರಪ್ಪ” ಎಂದು ಅಳತೊಡಗಿದಳು. ಇವಳು ಕದಲಲಿಲ್ಲ. ಇನ್ನೊಂದು ಗಳಿಗೆ ಅವನು ಸುಮ್ಮನಿದ್ದಿದ್ದರೆ ತಾನೇ ವೈರ್‌ಲೆಸ್ಸಿಗೆ ಕೈ ಹಾಕುತ್ತಿದ್ದೆ ಎಂದು ನನಗೆ ಹೇಳಿದಳು.

ಅವನು ಸೊಂಟದಲ್ಲಿದ್ದ ವೈರ್‌ಲೆಸ್ ತೆಗೆದ. ಅದರಲ್ಲಿ ಮಾತಾಡಿದರೆ ಕೇಂದ್ರಕ್ಕೂ ಕೇಳುತ್ತದೆ, ಬೀದಿಯಲ್ಲಿರುವ ಎಲ್ಲ ಗಾಡಿಗಳಿಗೂ ಕೇಳುತ್ತದೆ.

“ಇನ್ನೊಂದು ಗಾಡಿ ಕಳಿಸಿ. ಸ್ಟ್ರೆಚರ್ ಇಳಿಸೋಕೆ ಒಬ್ಬರು ಬೇಕು” ಎಂದ.

ಸೂಪರ್‌ವೈಸರ್ ದನಿ ಬಂತು. “ಯಾಕೆ? ಮತ್ತೆ ಅವರ ಕೈ ಹೋಯ್ತಾ?”

ಬಿರುಗಾಳಿ ಇವಳ ಮುಖ ನೋಡಲಿಲ್ಲವಂತೆ. ರೋಗಿಯ ಪಟ್ಟಿಯನ್ನೇ ನೋಡುತ್ತಾ ಹೇಳಿದ. “ಅಲ್ಲ ಸರ್. ನನ್ನ ಮಂಡಿ ಹೋಗಿದೆ. ಅವಳ ಕೈ ಸರಿಯಾಗಿದೆ. ಅವತ್ತೂ ಸರಿಯಾಗೇ ಇತ್ತು.”

ಹತ್ತಿರದ ಬೀದಿಯಲ್ಲಿದ್ದ ಗಾಡಿ ಬೇಗ ಬಂತು. ಅದರ ಡ್ರೈವರ್ ತಲೆಯ ಕಡೆ ಹಿಡಿದ, ಇವಳು ಕಾಲಿನ ಕಡೆ. ಮೂರು ಮಹಡಿ ಇಳಿಸಿದರು. ಬೇಕರಿಯವನು ಬದುಕಿದ. ಬಿರುಗಾಳಿ ಅವರ ಹಿಂದೆ, ಪಕ್ಕದ ಕಂಬಿ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿದು ಬಂದ.

ಮನೆಗೆ ಬಂದು ಇದನ್ನೆಲ್ಲ ಹೇಳಿ ಮುಗಿಸಿ ಅವಳು ಅತ್ತಳು. ಗೆದ್ದವಳು ಯಾಕೆ ಅಳಬೇಕು ಎಂದು ನನಗೆ ಸಿಟ್ಟೂ ಬಂತು, ಅವಳ ಎಡ ಭುಜಕ್ಕೆ ಶಾಖ ಕೊಡುತ್ತಾ ನನಗೂ ಕಣ್ಣು ತುಂಬಿತು. ಬಿರುಗಾಳಿಯನ್ನು ಆ ಸಂಜೆಯೇ ಫೋನ್ ಕೋಣೆಗೆ ಹಾಕಿದ್ದರು.

“ರೀ, ಆ ಟ್ರೇನರ್ ಮಂಡಿ ಸರಿ ಮಾಡ್ತಾಳಾ?” ಎಂದು ಕೇಳಿದಳು.

“ನಿನ್ನ ಮೇಲೆ ಚಾಡಿ ಹೇಳಿದವನಿಗಾ?”

“ಹೂಂ. ಅವರಿಗೇ.”

ಹಾವಿಗೆ ಹಾಲೆರೆದ ಹಾಗೆ ಎಂದೆ, ಮನೆಯಲ್ಲಿ ದುಡ್ಡಿನ ಮರ ನೆಟ್ಟಿದ್ದೀಯಾ ಎಂದೆ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಕೊನೆಗೆ, “ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು ಕಣ್ರೀ. ನನ್ನ ಕಿವಿಯಲ್ಲಿ ಮಾತ್ರ ಹೇಳಿ ಸುಮ್ಮನಾಗಬಹುದಿತ್ತು” ಎಂದಳು.

ಮರುದಿನ ಅಂಗಡಿ ತೆರೆಯುವ ಮೊದಲು ಜಿಮ್ಮಿನ ಮೆಟ್ಟಿಲು ಹತ್ತಿದೆ. ಮಂಡಿ ಸರಿಹೋಗುತ್ತದಾ ಎಂದು ಟ್ರೇನರನ್ನು ಕೇಳಿದೆ. ಡಾಕ್ಟರು ನೋಡದೆ ಏನೂ ಹೇಳಲಾಗುವುದಿಲ್ಲ, ಸರಿಹೋಗಲೂಬಹುದು, ಹೋಗದಿರಲೂಬಹುದು ಎಂದಳು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಆ ಉತ್ತರಕ್ಕೆ ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಒಂದು ತಿಂಗಳ ದುಡ್ಡನ್ನು ಮೇಜಿನ ಮೇಲಿಟ್ಟೆ.

“ಯಾರು ಬರ್ತಾರೆ ಸರ್, ಮೇಡಮ್ಮಾ?” ಎಂದಳು.

“ಅಲ್ಲ. ಅವಳಣ್ಣ” ಎಂದೆ.